ಗಾಜಿನ ಗುಣವನ್ನರಿತ ಒಟ್ಟೊ ಷಾಟ್

ಮಳೆಗಾಲದ ಒಂದು ರಾತ್ರಿ, ಮಗುವಿಗೆ ನೆಗಡಿಯೆಂದು ನಮ್ಮ ತಾಯಿಯವರು ಜೀರಿಗೆ-ಕೊತ್ತಂಬರಿಯ ಕಷಾಯ ಕುದಿಸಿದರು. ಒಲೆಯಿಂದ ಇಳಿಸಿದೊಡನೆ ಅದನ್ನು ಹೊಸದಾಗಿ ಕೊಂಡು ತಂದಿದ್ದ ಗಾಜಿನ ಹೂಜಿಗೆ ಸುರಿದರು. ಟಣ್ಣೆಂದು ಸದ್ದಾಯಿತು, ಹೂಜಿಯ ತಳ ಕಳಚಿ, ಕುದಿಯುವ ಕಷಾಯ ಅವರ ಕೈಕಾಲುಗಳ ಮೇಲೆ ಬಿತ್ತು. ಸುಟ್ಟ ಗಾಯ ಮಾಯಲು ಮೂರು ವಾರ ಹಿಡಿಯಿತು. ಎಷ್ಟು ಕಾಯಿಸಿದರೂ ಒಡೆಯದೆಂಬ ಮಾತು ನಂಬಿ ಆ ಹೂಜಿಯನ್ನು ತಂದವರು ನಾವೇ. ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ದಿನವೂ ಸಾಚಾ ನೋಟನ್ನೂ ಖೋಟಾ ನೋಟನ್ನೂ ಬೇರ್ಪಡಿಸುವ ನಮಗೆ, ಒಂದು ಗಾಜನ್ನು ಇನ್ನೊಂದರಿಂದ ಗುರುತಿಸಲು ಬಾರದೆ ಹೋಯಿತು. ಆ ನಾಚಿಕೆಯೇ ನಮ್ಮನ್ನು ಒಟ್ಟೊ ಷಾಟ್ ಎಂಬ ಮಹನೀಯನ ಜೀವನಚರಿತ್ರೆಯತ್ತ ಕರೆದೊಯ್ದಿತು.

ಷಾಟನು ಜನಿಸಿದ್ದು 1851ನೆಯ ಇಸವಿ ಡಿಸೆಂಬರ್ 17ರಂದು, ಜರ್ಮನಿಯ ವಿಟ್ಟೆನ್ ಎಂಬ ಊರಿನಲ್ಲಿ. ತಂದೆಯದು ಕಿಟಕಿ ಗಾಜಿನ ಕಸುಬು. ಕುಲುಮೆಯ ಬೆಂಕಿ ಹುಡುಗನಿಗೆ ಚಿಕ್ಕಂದಿನಿಂದಲೇ ಪರಿಚಿತ. ಆ ಕಾಲಕ್ಕೆ ಗಾಜು ಮಾಡುವುದು ಹಿರಿಯರಿಂದ ಕಿರಿಯರು ಕಲಿಯುವ ಕೈಕೆಲಸವಾಗಿತ್ತೇ ಹೊರತು ಶಾಸ್ತ್ರವಾಗಿರಲಿಲ್ಲ. ಮರಳು, ಸೋಡಾ, ಸುಣ್ಣ ಕೂಡಿಸಿ ಕರಗಿಸುವರು; ಚೆನ್ನಾಗಿ ಬಂದರೆ ಅದೃಷ್ಟ, ಕೆಟ್ಟರೆ ಹಣೆಬರಹ. ಷಾಟನು ಇದನ್ನು ಒಪ್ಪಲಿಲ್ಲ. ಆಖೆನ್, ವ್ಯೂರ್ತ್ಸ್‌ಬುರ್ಗ್, ಲೈಪ್ಸಿಗ್ ಪಟ್ಟಣಗಳಲ್ಲಿ ರಸಾಯನಶಾಸ್ತ್ರವನ್ನು ಓದಿ, 1875ರಲ್ಲಿ ಯೇನಾ ವಿಶ್ವವಿದ್ಯಾನಿಲಯದಿಂದ ಡಾಕ್ಟರ್ ಪದವಿ ಪಡೆದನು. ಪ್ರಬಂಧದ ವಸ್ತುವೂ ಮನೆಯದೇ: ಕಿಟಕಿ ಗಾಜಿನಲ್ಲಿ ದೋಷಗಳು ಹುಟ್ಟುವ ಬಗೆ.

1879ರಲ್ಲಿ ಆತನು ಲಿಥಿಯಂ ಬೆರೆಸಿದ ಹೊಸ ಗಾಜೊಂದನ್ನು ಕರಗಿಸಿ, ಯೇನಾದಲ್ಲಿದ್ದ ಪ್ರೊಫೆಸರ್ ಅರ್ನ್‌ಸ್ಟ್ ಅಬೆಗೆ ಪರೀಕ್ಷೆಗೆಂದು ಕಳುಹಿಸಿದನು. ಅಬೆಯು ಸೂಕ್ಷ್ಮದರ್ಶಕಗಳ ತಯಾರಕನಾದ ಕಾರ್ಲ್ ಝೈಸನ ಪಾಲುದಾರ. ಒಳ್ಳೆಯ ಗಾಜಿಲ್ಲದೆ ಒಳ್ಳೆಯ ಮಸೂರವಿಲ್ಲವೆಂದು ಕೊರಗುತ್ತಿದ್ದವನು. ಕಳುಹಿಸಿದ ಗಾಜು ನಿರೀಕ್ಷಿಸಿದಷ್ಟು ಉಪಯೋಗಕ್ಕೆ ಬರಲಿಲ್ಲ. ಆದರೆ ಸ್ನೇಹ ಬೆಳೆಯಿತು. 1882ರಲ್ಲಿ ಷಾಟನು ಹುಟ್ಟೂರನ್ನು ಬಿಟ್ಟು ಯೇನಾದಲ್ಲಿ ನೆಲೆಸಿದನು. 1884ರಲ್ಲಿ ಆತನೂ ಅಬೆಯೂ, ಝೈಸ್ ಮತ್ತು ಅವನ ಮಗನೂ ಕೂಡಿ ಗಾಜಿನ ಪ್ರಯೋಗಶಾಲೆಯೊಂದನ್ನು ಸ್ಥಾಪಿಸಿದರು. ಒಂದೊಂದು ಮೂಲವಸ್ತುವನ್ನೂ ಬೆರೆಸಿ, ಕರಗಿಸಿ, ಅಳೆದು, ಲೆಕ್ಕ ಬರೆದಿಡುವುದು ಅಲ್ಲಿಯ ಕೆಲಸ. ಎರಡೇ ವರ್ಷದಲ್ಲಿ, ಅಂದರೆ 1886ರಲ್ಲಿ, ಈ ಹೊಸ ಗಾಜುಗಳಿಂದ ಮಾಡಿದ ಸೂಕ್ಷ್ಮದರ್ಶಕದ ಮಸೂರಗಳು ಹೊರಬಂದವು.

ಅನಂತರ ಆತನ ದೃಷ್ಟಿ ಶಾಖದ ಕಡೆಗೆ ತಿರುಗಿತು. ಗಾಜನ್ನು ಒಡೆಯುವುದು ಬರಿಯ ಶಾಖವಲ್ಲ, ಶಾಖದ ಅಸಮಾನತೆ. ಬಿಸಿನೀರು ತಾಗಿದ ಒಳಮೈ ಹಿಗ್ಗುತ್ತದೆ. ತಣ್ಣಗಿರುವ ಹೊರಮೈ ಹಿಗ್ಗುವುದಿಲ್ಲ. ಈ ಎಳೆದಾಟದಲ್ಲಿ ಗಾಜು ಸೀಳುತ್ತದೆ. ಉರಿಯುವ ಕಂದೀಲಿನ ಗಾಜಿನ ಮೇಲೆ ಹನಿ ನೀರು ಬಿದ್ದು ಬಿರುಕುಬಿಟ್ಟುದನ್ನು ಊರಿನಲ್ಲಿ ಕಂಡವರು ಅನೇಕರಿದ್ದಾರೆ. ಹಿಗ್ಗುವುದೇ ಕಡಿಮೆಯಾದರೆ ಒಡೆಯುವುದೂ ಕಡಿಮೆಯಾಗಬೇಕಷ್ಟೆ. 1887ರಿಂದ 1893ರವರೆಗಿನ ದುಡಿಮೆಯಿಂದ ಷಾಟನು ಅಂಥ ಗಾಜನ್ನು ಸಾಧಿಸಿದನು. ಗುಟ್ಟು ಇದ್ದುದು ಬೋರಾನ್ ಎಂಬ ಮೂಲವಸ್ತುವಿನಲ್ಲಿ. ನಮ್ಮ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರದಲ್ಲಿರುವುದೂ ಅದೇ. ಇಂದಿನ ಬೋರೋಸಿಲಿಕೇಟ್ ಗಾಜಿನಲ್ಲಿ ನೂರಕ್ಕೆ ಸುಮಾರು 80 ಪಾಲು ಮರಳಿನ ಸತ್ವ, 13 ಪಾಲು ಬೋರಾನಿನ ಆಕ್ಸೈಡ್ ಇರುತ್ತದೆ. ಒಂದು ಮೀಟರು ಉದ್ದದ ಸಾಮಾನ್ಯ ಗಾಜಿನ ಕಡ್ಡಿಯನ್ನು 100 ಡಿಗ್ರಿ ಹೆಚ್ಚು ಕಾಯಿಸಿದರೆ ಸುಮಾರು 0.9 ಮಿಲಿಮೀಟರು ಬೆಳೆಯುತ್ತದೆ. ಇದು ಬೆಳೆಯುವುದು 0.33 ಮಿಲಿಮೀಟರು ಮಾತ್ರ. ಗ್ಯಾಸಿನ ದೀಪಗಳಿಗೂ ಪ್ರಯೋಗಶಾಲೆಗಳಿಗೂ ಯೇನಾದ ಗಾಜು ಹರಡಿತು. ಅಮೆರಿಕದ ಕಾರ್ನಿಂಗ್ ಕಂಪನಿಯ ಪೈರೆಕ್ಸ್ ಬಂದದ್ದು 1915ರಲ್ಲಿ. ನಮ್ಮ ಮುಂಬಯಿಯಲ್ಲಿ ಬೋರೋಸಿಲ್ ಕಂಪನಿ ಹುಟ್ಟಿದ್ದು 1962ರಲ್ಲಿ.

ಹಾಗಾದರೆ ಗುರುತಿಸುವುದು ಹೇಗೆ? ಮೊದಲು ಪಾತ್ರೆಯ ಮೇಲಿನ ಮುದ್ರೆಯನ್ನು ನೋಡಬೇಕು. ಪ್ರಯೋಗಶಾಲೆಯ ಒಳ್ಳೆಯ ಗಾಜಿನ ಮೇಲೆ ಹಲವೊಮ್ಮೆ 3.3 ಎಂಬ ಅಂಕಿಯಿರುತ್ತದೆ. ಹೆಸರೊಂದನ್ನೇ ನಂಬಲಾಗದು. ಅಮೆರಿಕದಲ್ಲಿರುವ ಮಕ್ಕಳು ತಂದುಕೊಡುವ ಅಲ್ಲಿಯ ಅಡುಗೆಮನೆಯ ಪೈರೆಕ್ಸ್ ಹಲವು ದಶಕಗಳಿಂದ ಹದಗೊಳಿಸಿದ ಸಾಮಾನ್ಯ ಗಾಜೇ ಆಗಿದೆ. ಅಂಚು ಹಸುರಾಗಿ ಕಂಡರೆ ಸಾಮಾನ್ಯ ಗಾಜೆಂಬ ಅನುಮಾನಕ್ಕೆ ಎಡೆಯುಂಟು. ಹಸುರಿಲ್ಲವೆಂದ ಮಾತ್ರಕ್ಕೆ ನಿಶ್ಚಯವಿಲ್ಲ.

ನಿಶ್ಚಯ ಬೇಕಾದವರು ಔಷಧದ ಅಂಗಡಿಯಿಂದ ಗ್ಲಿಸರಿನ್ ತಂದು, ಶುಭ್ರವಾದ ಗಾಜಿನ ಕಡ್ಡಿಯನ್ನೋ ಚೂರನ್ನೋ ಅದರಲ್ಲಿ ಮುಳುಗಿಸಲಿ. ಗ್ಲಿಸರಿನ್ನೂ ಬೋರೋಸಿಲಿಕೇಟೂ ಬೆಳಕನ್ನು ಬಾಗಿಸುವ ಪ್ರಮಾಣ ಒಂದೇ, ಸುಮಾರು 1.47. ಆದ್ದರಿಂದ ಮುಳುಗಿದ ಭಾಗ ಮಾಯವಾದಂತೆ ತೋರುತ್ತದೆ. ಸಾಮಾನ್ಯ ಗಾಜಿನ ಪ್ರಮಾಣ 1.52; ಅದರ ಅಂಚು ಸ್ಪಷ್ಟವಾಗಿ ಕಾಣುತ್ತಲೇ ಇರುತ್ತದೆ. ಇನ್ನೊಂದು ದಾರಿ ತಕ್ಕಡಿಯದು. ಗಾಜನ್ನು ಹೊರಗೆ ತೂಗಿ, ದಾರ ಕಟ್ಟಿ ನೀರಿನೊಳಗೆ ಪೂರ್ತಿ ಮುಳುಗಿಸಿ ಮತ್ತೆ ತೂಗಬೇಕು. ನೀರಿನಲ್ಲಿ 100 ಗ್ರಾಂ ಕಡಿಮೆ ತೂಗುವ ವಸ್ತು ಹೊರಗೆ 223 ಗ್ರಾಂ ಇದ್ದರೆ ಬೋರೋಸಿಲಿಕೇಟ್, 250 ಗ್ರಾಂ ಇದ್ದರೆ ಸಾಮಾನ್ಯ ಗಾಜು. ಕುದಿನೀರು ಹೊಯ್ದು ಪರೀಕ್ಷಿಸುವ ಸಾಹಸವನ್ನು ಮಾತ್ರ ಯಾರೂ ಮಾಡಬಾರದು. ಆ ಪರೀಕ್ಷೆಯ ಫಲವನ್ನು ನಾವು ಕಂಡಿದ್ದೇವೆ.

ಷಾಟನ ಜೀವನದ ಇನ್ನೊಂದು ಮುಖವೂ ಸ್ಮರಣೀಯ. ಅಬೆಯು 1889ರಲ್ಲಿ ಸ್ಥಾಪಿಸಿದ ಧರ್ಮಸಂಸ್ಥೆಗೆ 1919ರಲ್ಲಿ ಷಾಟನೂ ಕಾರಖಾನೆಯಲ್ಲಿದ್ದ ತನ್ನ ಪಾಲನ್ನು ಒಪ್ಪಿಸಿದನು. ಕೂಲಿಗಾರರ ನಿವೃತ್ತಿವೇತನ, ರಜೆಗಳ ಸಂಬಳ ಮುಂತಾದವು ಆ ಸಂಸ್ಥೆಯ ನಿಬಂಧನೆಗಳಲ್ಲೇ ಬರೆದಿದ್ದವು. ಷಾಟನು 1935ರ ಆಗಸ್ಟ್ 27ರಂದು ಯೇನಾದಲ್ಲಿ ಕಾಲವಾದನು.

ಮಹಾಯುದ್ಧ ಮುಗಿದ 1945ರಲ್ಲಿ, ಯೇನಾ ಸೋವಿಯೆತ್ ಪಡೆಗಳ ಕೈಸೇರುವ ಮುನ್ನ, ಅಮೆರಿಕದ ಸೇನೆ ಆ ಕಾರಖಾನೆಯ 41 ಮಂದಿ ಪರಿಣತರನ್ನು ಪಶ್ಚಿಮ ಜರ್ಮನಿಗೆ ಸಾಗಿಸಿತು. ಕುಲುಮೆಗಳೆಲ್ಲ ಹಿಂದೆ ಉಳಿದವು; ಜೊತೆಗೆ ಬಂದದ್ದು ಕಲಿತ ವಿದ್ಯೆಯೊಂದೇ. ಷಾಟನ ಮಗ ಎರಿಖ್‌ನ ಮುಂದಾಳುತನದಲ್ಲಿ ಅವರು 1952ರಲ್ಲಿ ಮೈಂಟ್ಸ್ ಪಟ್ಟಣದಲ್ಲಿ ಹೊಸ ಕಾರಖಾನೆಯನ್ನು ಆರಂಭಿಸಿದರು. ಊರು ಬಿಟ್ಟು ಬಂದು ಖಾಡಿಯ ದಡದ ಈ ಕಳವಾದಲ್ಲಿ ಮನೆ ಕಟ್ಟಿಕೊಂಡ ನಮಗೆ ಈ ಕಥೆ ಪರಕೀಯವೆನಿಸದು. ನಾವೂ ಹೊಲಮನೆಗಳನ್ನು ಹೊತ್ತು ತರಲಿಲ್ಲ. ತಂದದ್ದು ಕಸುಬು ಮತ್ತು ನುಡಿ. ಪರಸ್ಥಳದ ಬಿಸಿತಣ್ಣನೆಗಳ ನಡುವೆ ಅವು ಬಿರುಕು ಬಿಡದೆ ಉಳಿಯಬೇಕಾದರೆ ಹೊರಗಿನ ಹೊಳಪು ಸಾಲದು, ಒಳಗಿನ ಬೆರಕೆ ಗಟ್ಟಿಯಾಗಿರಬೇಕು. ರಾಜ್ಯೋತ್ಸವದ ಈ ದಿನ ಮಕ್ಕಳಿಗೆ ಕನ್ನಡವನ್ನು ಕಲಿಸುವುದರೊಂದಿಗೆ, ಯಾವ ವಸ್ತುವನ್ನೂ ಗುಣ ನೋಡಿ ಅಳೆಯುವ ಷಾಟನ ಶ್ರದ್ಧೆಯನ್ನೂ ಕಲಿಸೋಣ. ಈಗ ನಮ್ಮ ಮನೆಯಲ್ಲಿ ಕಷಾಯ ಮೊದಲು ಸ್ಟೀಲಿನ ಪಾತ್ರೆಗೆ ಇಳಿಯುತ್ತದೆ. ಗಾಜಿನ ಪಾತ್ರೆ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆಯೇ ಒಲೆಯ ಹತ್ತಿರ ಬರುತ್ತದೆ.