ಇಬ್ಬರಿಂದ ಆರಂಭವಾದ ಸಭೆ

1935ರ ಮೇ 11, ಶನಿವಾರ. ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ನಗರದ ಮೇಫ್ಲವರ್ ಹೋಟೆಲಿನ ಪಡಸಾಲೆಯಲ್ಲಿ 39 ವರ್ಷದ ವ್ಯಕ್ತಿಯೊಬ್ಬ ಅಸ್ವಸ್ಥ ಮನಸ್ಸಿನಿಂದ ತಿರುಗಾಡುತ್ತಿದ್ದ. ಕಂಪೆನಿಯೊಂದರ ಹಿಡಿತಕ್ಕಾಗಿ ನಡೆಸಿದ್ದ ಹೋರಾಟದಲ್ಲಿ ಸೋಲಾಗಿತ್ತು. ಜೇಬಿನಲ್ಲಿದ್ದುದು ಸುಮಾರು 10 ಡಾಲರ್. ಒಂದು ಕಡೆ ನಗು, ಮಾತು ಕೇಳಿಬರುತ್ತಿದ್ದ ಬಾರ್. ಇನ್ನೊಂದು ಕಡೆ ದೂರವಾಣಿ. ಐದು ತಿಂಗಳಿಂದ ಮದ್ಯ ಮುಟ್ಟದಿದ್ದ ಆತ ದೂರವಾಣಿಯತ್ತ ಹೆಜ್ಜೆ ಹಾಕಿದ. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ವಿಶ್ವವ್ಯಾಪಿ ಸಂಘಟನೆಯ ಬೇರು ಆ ಕೆಲವು ಹೆಜ್ಜೆಗಳಲ್ಲಿದೆ.

ಆತ ಬಿಲ್ ವಿಲ್ಸನ್. 1895ರಲ್ಲಿ ವರ್ಮಾಂಟ್ ರಾಜ್ಯದ ಈಸ್ಟ್ ಡಾರ್ಸೆಟ್ ಎಂಬ ಪುಟ್ಟ ಊರಿನಲ್ಲಿ ಹುಟ್ಟಿದವನು. ತಂದೆ ತಾಯಿ ಬೇರೆಯಾದ ಬಳಿಕ ತಾಯಿಯ ತಂದೆಯ ಮನೆಯಲ್ಲಿ ಬೆಳೆದ. ಸೈನ್ಯಕ್ಕೆ ಸೇರಿದ ದಿನಗಳಲ್ಲಿ ಸಂಕೋಚ ಕಳೆಯಲೆಂದು ಎತ್ತಿದ ಮೊದಲ ಬಟ್ಟಲು ಮುಂದೆ ಬದುಕನ್ನೇ ನುಂಗಿತು. ಕಾನೂನು ವ್ಯಾಸಂಗ ಮಾಡಿದರೂ ಪದವಿ ಕೈಗೆ ಬರಲಿಲ್ಲ. ಷೇರು ಮಾರುಕಟ್ಟೆಯಲ್ಲಿ ಗಳಿಸಿದ್ದು 1929ರ ಕುಸಿತದಲ್ಲಿ ಕೊಚ್ಚಿಹೋಯಿತು. ಅಂಗಡಿಯೊಂದರಲ್ಲಿ ದುಡಿದು ಸಂಸಾರ ತೂಗಿಸಿದವಳು ಪತ್ನಿ ಲೋಯಿಸ್.

ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಗೆ ವಿಲ್ಸನ್ ಮತ್ತೆ ಮತ್ತೆ ದಾಖಲಾದ. ಕುಡಿತ ಚಾರಿತ್ರ್ಯದ ದೋಷವಲ್ಲ, ರೋಗ ಎಂದು ಅಲ್ಲಿನ ವೈದ್ಯ ವಿಲಿಯಂ ಸಿಲ್ಕ್‌ವರ್ತ್ ತಿಳಿಹೇಳಿದರು. 1934ರ ಡಿಸೆಂಬರಿನಲ್ಲಿ ಕೊನೆಯ ಬಾರಿ ದಾಖಲಾದ ಮೇಲೆ ಆತ ಎಂದೂ ಕುಡಿಯಲಿಲ್ಲ. ಆದರೆ ಮುಂದಿನ ತಿಂಗಳುಗಳಲ್ಲಿ ಆತ ಉಪದೇಶಿಸಿದ ಕುಡುಕರಲ್ಲಿ ಒಬ್ಬನೂ ಕುಡಿತ ಬಿಡಲಿಲ್ಲ. ಪ್ರವಚನ ನಿಲ್ಲಿಸಿ ರೋಗದ ವಿಷಯ ಮಾತನಾಡು ಎಂದು ಸಿಲ್ಕ್‌ವರ್ತ್ ಎಚ್ಚರಿಸಿದರು. ಯಾರೂ ಬದಲಾಗದಿದ್ದರೂ ಆ ಯತ್ನ ತನ್ನನ್ನಂತೂ ಕಾಪಾಡಿತ್ತು ಎಂಬ ಸತ್ಯ ವಿಲ್ಸನ್‌ಗೆ ಹೊಳೆದದ್ದು ಆಕ್ರನ್ನಿನ ಆ ಸಂಜೆ.

ಹೋಟೆಲಿನಲ್ಲಿದ್ದ ಚರ್ಚುಗಳ ಪಟ್ಟಿಯಿಂದ ಒಂದು ಹೆಸರು ಆರಿಸಿ ಆತ ಪಾದ್ರಿಯೊಬ್ಬರಿಗೆ ಕರೆ ಮಾಡಿದ. ಅವರು ಕೊಟ್ಟ ಹಲವು ಹೆಸರುಗಳಿಂದ ಪ್ರಯೋಜನವಾಗಲಿಲ್ಲ. ಕೊನೆಗೆ ಹೆನ್ರಿಯೆಟಾ ಸೈಬರ್ಲಿಂಗ್ ಎಂಬ ಮಹಿಳೆ ಮರುದಿನವೇ ಭೇಟಿ ಏರ್ಪಡಿಸಿದಳು. ಬಂದವರು ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್. ಕುಡಿತದಿಂದ ವೃತ್ತಿ, ಮಾನ ಎರಡನ್ನೂ ಕಳೆದುಕೊಳ್ಳುವ ಅಂಚಿನಲ್ಲಿದ್ದ ಅವರು ಹದಿನೈದು ನಿಮಿಷ ಮಾತ್ರ ಕೂರುವುದಾಗಿ ಷರತ್ತು ಹಾಕಿದ್ದರು. ಕೂತದ್ದು ಆರು ಗಂಟೆಗೂ ಮಿಕ್ಕಿ. ವೈದ್ಯರಿಗೆ ಉಪದೇಶದ ಕೊರತೆಯೇನೂ ಇರಲಿಲ್ಲ. ಪ್ರಾರ್ಥನಾ ಸಭೆಗಳಿಗೂ ಹೋಗುತ್ತಿದ್ದರು. ಸಿಕ್ಕಿರದಿದ್ದವನು, ಅದೇ ಹಳ್ಳದಲ್ಲಿ ಬಿದ್ದೆದ್ದು, ತನ್ನ ಉಳಿವಿಗಾಗಿಯೇ ಮಾತಾಡಲು ಬಂದ ಮನುಷ್ಯ. ಬಾಬ್ ಒಮ್ಮೆ ಮತ್ತೆ ಜಾರಿದರು. ಅವರು ಕೊನೆಯದಾಗಿ ಕುಡಿದ 1935ರ ಜೂನ್ 10 ಸಂಘಟನೆಯ ಸ್ಥಾಪನಾ ದಿನವಾಗಿ ಉಳಿಯಿತು.

ಬ್ರೂಕ್ಲಿನ್ನಿನ ವಿಲ್ಸನ್ ಮನೆಯಲ್ಲಿ ವಾರದ ಸಭೆಗಳು ಮೊದಲಾದವು. 1939ರಲ್ಲಿ ಸಂಘಟನೆಯ ಮೂಲ ಗ್ರಂಥ ಪ್ರಕಟವಾಯಿತು. ಅದೇ ವರ್ಷ ಸಾಲಕ್ಕೆ ಆ ಮನೆ ಕೈಬಿಟ್ಟಿತು. ದಂಪತಿ ಎರಡು ವರ್ಷ ಸ್ನೇಹಿತರ ಮನೆಗಳಲ್ಲಿ ದಿನ ದೂಡಿದರು. ಆರಂಭದಲ್ಲಿ ಹೆಚ್ಚುಕಡಿಮೆ ಗಂಡಸರದೇ ಆಗಿದ್ದ ಕೂಟಕ್ಕೆ 1939ರಲ್ಲಿ ಮಾರ್ಟಿ ಮನ್ ಎಂಬ ಮಹಿಳೆ ಬಂದು ನೆಲೆನಿಂತಳು. ದೇವರ ಕಲ್ಪನೆಯನ್ನು ಅವರವರಿಗೆ ಬಿಡಬೇಕೆಂಬ ಸಂದೇಹವಾದಿಗಳ ಪಟ್ಟಿಗೆ ಗ್ರಂಥದ ಮಾತುಗಳೇ ಸಡಿಲಗೊಂಡವು. 1950ರಲ್ಲಿ ಅಂಗೀಕೃತವಾದ ಹನ್ನೆರಡು ಸಂಪ್ರದಾಯಗಳು, ಕುಡಿತ ಬಿಡುವ ಬಯಕೆಯೊಂದೇ ಸದಸ್ಯತ್ವಕ್ಕೆ ಅರ್ಹತೆ, ಪ್ರತಿ ಗುಂಪೂ ಸ್ವತಂತ್ರ ಎಂದು ನಿಗದಿಪಡಿಸಿದವು.

ವಿಲ್ಸನ್ ಸಂತನಾಗಿರಲಿಲ್ಲ. ಕುಡಿತ ಬಿಟ್ಟ ಮೇಲೂ ವರ್ಷಗಟ್ಟಲೆ ಖಿನ್ನತೆ ಕಾಡಿತು. ತಂಬಾಕಿನ ಚಟವನ್ನು ಬಹುಕಾಲ ಬಿಡಲಾಗಲಿಲ್ಲ. ಶ್ವಾಸಕೋಶದ ರೋಗದಿಂದ 1971ರ ಜನವರಿ 24ರಂದು, ತನ್ನ 53ನೆಯ ವಿವಾಹ ವಾರ್ಷಿಕೋತ್ಸವದ ದಿನವೇ ತೀರಿಕೊಂಡ. ಯೇಲ್ ವಿಶ್ವವಿದ್ಯಾಲಯದ ಗೌರವ ಪದವಿಯನ್ನು ಆತ ನಿರಾಕರಿಸಿದ್ದ. ಪೂರ್ಣ ಹೆಸರು ಪತ್ರಿಕೆಗಳಲ್ಲಿ ರಾರಾಜಿಸಿದ್ದು ಮರಣಾನಂತರವೇ.

ಇಂದು ಕರ್ನಾಟಕದಲ್ಲಿಯೂ ಕನ್ನಡದಲ್ಲಿಯೂ ಇಂಥ ಸಭೆಗಳು ನಡೆಯುತ್ತವೆ. ಕೆಲವು ವ್ಯಸನಿಗಳಿಗೆ ಮಾತ್ರ ಮೀಸಲು. ಕೆಲವು ಬಂಧುಗಳಿಗೂ ತೆರೆದವು. ನೋಂದಣಿ ಶುಲ್ಕವಿಲ್ಲ. ಆದರೂ ಸಂಕೋಚದಿಂದ ಒಂದು ಸಭೆಗೆ ಹೋಗಿ, ಅಲ್ಲಿನ ಭಾಷೆಯೋ ಪ್ರಾರ್ಥನೆಯೋ ಜನರೋ ಹಿಡಿಸದೆ, ಇದು ತನಗಲ್ಲವೆಂದು ಹಿಂದಿರುಗುವವರು ಇದ್ದಾರೆ. ಒಂದು ಗುಂಪು ಒಗ್ಗದಿದ್ದರೆ ಸೋತದ್ದು ಮನುಷ್ಯನಲ್ಲ. ಹುಡುಕಾಟ ಮುಗಿದಿಲ್ಲ, ಅಷ್ಟೆ. ವಿಪರೀತ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಜೀವಾಪಾಯವೂ ಒದಗಬಹುದು; ವೈದ್ಯರ ನೆರವು ಮೊದಲು ಬೇಕು. ವಿಲ್ಸನ್ ಕೂಡ ಸಭೆಗೆ ಬಂದದ್ದು ಆಸ್ಪತ್ರೆಯ ಬಾಗಿಲು ದಾಟಿಯೇ.

ಪಟ್ಟಿಯ ಮೊದಲ ಹೆಸರು ಫಲಿಸದಾಗ ವಿಲ್ಸನ್ ಬಾರಿನತ್ತ ತಿರುಗಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಆತ ಮುಂದಿನ ಹೆಸರಿಗೆ ಕರೆ ಮಾಡಿದ. ಆ ಊರಿನಲ್ಲಿ ಆಗ ಸೂಕ್ತ ಸಭೆ ಎಂಬುದೇ ಇರಲಿಲ್ಲ. ಇನ್ನೊಬ್ಬ ಎದುರು ಬಂದು ಕೂತಾಗ ಅದು ಹುಟ್ಟಿತು.