ದತ್ತೂರಿಯ ಗುಟ್ಟು ಹುಡುಕಿದ ರಾಬಿನ್ಸನ್



ಬದುವಿನಲ್ಲಿ, ತಿಪ್ಪೆಯ ಮಗ್ಗುಲಲ್ಲಿ ತಾನಾಗಿ ಬೆಳೆಯುವ ದತ್ತೂರಿಯನ್ನು ನೀವೆಲ್ಲ ಬಲ್ಲಿರಿ. ಅದರ ವಿಷದ ಬಳಗಕ್ಕೇ ಸೇರಿದ್ದು ಅಟ್ರೊಪಿನ್ ಎಂಬ ಔಷಧಿ. ರಂಜಕ ಸಂಯುಕ್ತದ ಕೀಟನಾಶಕ ಸಿಂಪಡಿಸುವಾಗ ವಿಷವೇರಿದವರಿಗೆ ಆಸ್ಪತ್ರೆಯಲ್ಲಿ ಕೊಡುವ ಚುಚ್ಚುಮದ್ದು ಇದೇ. ಮಣ್ಣು, ನೀರು, ಗಾಳಿಯಿಂದಲೇ ಬದುಕುವ ಗಿಡ ಇಷ್ಟು ತೊಡಕಿನ ವಸ್ತುವನ್ನು ಹೇಗೆ ತಯಾರಿಸುತ್ತದೆ? ಇದನ್ನು ಕೇಳಿಕೊಂಡವರು ಸರ್ ರಾಬರ್ಟ್ ರಾಬಿನ್ಸನ್.

ಅವರು ಹುಟ್ಟಿದ್ದು 1886ರಲ್ಲಿ, ಇಂಗ್ಲೆಂಡಿನ ಚೆಸ್ಟರ್‌ಫೀಲ್ಡ್ ಪಟ್ಟಣದ ಹತ್ತಿರ. ತಂದೆ ಗಾಯಕ್ಕೆ ಕಟ್ಟುವ ಬಟ್ಟೆಗಳ ತಯಾರಕರು. ಮಗನಿಗೆ ಗಣಿತದ ಮೇಲೆ ಒಲವು. ಉದ್ದಿಮೆಗೆ ಉಪಯೋಗವಾಗಲೆಂದು ತಂದೆ ರಸಾಯನಶಾಸ್ತ್ರಕ್ಕೆ ಸೇರಿಸಿದರು. ಮ್ಯಾಂಚೆಸ್ಟರಿನಲ್ಲಿ ಓದು ಮುಗಿಸಿ ಅವರು ಪ್ರಾಧ್ಯಾಪಕರಾದರು.

ದತ್ತೂರಿ ವಿಷದ ತಿರುಳು ಟ್ರೋಪಿನೋನ್ ಎಂಬ ವಸ್ತು. 1901ರ ಸುಮಾರಿಗೆ ಜರ್ಮನಿಯ ವಿಲ್‌ಸ್ಟೆಟರ್ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ್ದರು. ಆದರೆ ಹತ್ತು ಹಲವು ಹಂತ ದಾಟಿ ಕೊನೆಗೆ ಕೈಗೆ ಸಿಕ್ಕಿದ್ದು ನೂರರಲ್ಲಿ ಒಂದು ಪಾಲೂ ಅಲ್ಲ. ಗಿಡವೇನು ಒಲೆ ಹೊತ್ತಿಸುತ್ತದೆಯೇ, ತೀಕ್ಷ್ಣ ಆಮ್ಲ ಸುರಿಯುತ್ತದೆಯೇ? ಇಲ್ಲ. ರಾಬಿನ್ಸನ್ 1917ರಲ್ಲಿ ಮೂರೇ ಸರಳ ವಸ್ತುಗಳನ್ನು ನೀರಿನಲ್ಲಿ ಬೆರೆಸಿ, ಕಾಯಿಸದೆ ಬಿಟ್ಟರು. ಟ್ರೋಪಿನೋನ್ ತಾನಾಗಿ ಕೂಡಿಕೊಂಡಿತು! ಗಿಡವೂ ಹೀಗೆಯೇ ಮಾಡುತ್ತಿರಬೇಕು, ಆರ್ನಿಥಿನ್ ಎಂಬ ಅಮೈನೋ ಆಮ್ಲವೇ ಅದರ ಮೂಲ ಸರಕಾಗಿರಬೇಕು ಎಂದು ಅವರು ಊಹಿಸಿದರು.

1954ರಲ್ಲಿ ವಿಕಿರಣದ ಗುರುತು ಹಾಕಿದ ಆರ್ನಿಥಿನ್ ಅನ್ನು ದತ್ತೂರಿಗೆ ಉಣಿಸಿ ನೋಡಿದಾಗ ಆ ಗುರುತು ವಿಷದಲ್ಲಿ ಕಾಣಿಸಿತು. ಊಹೆಯ ಬುಡ ಗಟ್ಟಿಯಾಗಿತ್ತು. ಆದರೆ ಉಳಿದ ಭಾಗವನ್ನು ಗಿಡ ತನ್ನ ಕಿಣ್ವಗಳ ನೆರವಿನಿಂದ ಬೇರೆಯೇ ಬಗೆಯಲ್ಲಿ ಜೋಡಿಸುತ್ತದೆ ಎಂದು ಈಚಿನ ಸಂಶೋಧನೆ ತೋರಿಸಿದೆ.

ಈ ಕೆಲಸವೆಲ್ಲ ಮುಖ್ಯವಾಗಿ ನಡೆಯುವುದು ಬೇರಿನಲ್ಲಿ. ಮಣ್ಣಿನಿಂದ ಹೀರಿದ ಸಾರಜನಕವೇ ಅಲ್ಲಿ ವಿಷದ ಅಂಗವಾಗಿ ಎಲೆಗೆ ಏರುತ್ತದೆ. ಆದ್ದರಿಂದಲೇ ದತ್ತೂರಿಯ ಬೇರಿಗೆ ಟೊಮೇಟೊ ಕಸಿ ಕಟ್ಟಿದರೆ ಟೊಮೇಟೊ ಗಿಡಕ್ಕೂ ವಿಷ ಏರುತ್ತದೆ. ಅಂಥ ಕಸಿಗೆ ಎಂದೂ ಕೈ ಹಾಕಬೇಡಿ.

ಮುಂದೆ ರಾಬಿನ್ಸನ್ ಗಸಗಸೆ ಗಿಡದ ಮಾರ್ಫಿನ್, ಕಾಸರಕದ ಸ್ಟ್ರಿಕ್ನಿನ್ ಇವುಗಳ ರಚನೆಯನ್ನು ಬಿಡಿಸಿದರು. ಪತ್ನಿ ಗರ್ಟ್ರೂಡ್ ಅವರೊಡನೆ ಹೂಗಳ ಬಣ್ಣವನ್ನು ಅಭ್ಯಸಿಸಿದರು. ಅವರ ಬಳಿ ಕಲಿತು ಬಂದ ಟಿ. ಆರ್. ಶೇಷಾದ್ರಿಯವರು ನಮ್ಮ ದೇಶದಲ್ಲಿ ಹತ್ತಿ ಹೂವಿನ ಬಣ್ಣಗಳನ್ನು ಪರಿಶೀಲಿಸಿದರು. 1947ರಲ್ಲಿ ರಾಬಿನ್ಸನ್ನರಿಗೆ ನೊಬೆಲ್ ಬಹುಮಾನ ಸಂದಿತು. 1975ರಲ್ಲಿ ತೀರಿಕೊಂಡರು.

ಕೊನೆಗೊಂದು ಎಚ್ಚರಿಕೆ. ಅಟ್ರೊಪಿನ್ ಜೀವ ಉಳಿಸುವುದು ವೈದ್ಯರು ಅಳೆದು ಕೊಟ್ಟಾಗ ಮಾತ್ರ. ಎಲೆಯಿಂದ ಎಲೆಗೆ, ಬೀಜದಿಂದ ಬೀಜಕ್ಕೆ ವಿಷದ ಪ್ರಮಾಣ ಬೇರೆ. ಸಿಂಪಡಿಸುವಾಗ ಯಾರಿಗಾದರೂ ತಲೆಸುತ್ತು, ಜೊಲ್ಲು, ಉಸಿರುಕಟ್ಟು ಕಂಡರೆ ದತ್ತೂರಿ ಅರೆಯುತ್ತ ಕೂರಬೇಡಿ. ಔಷಧಿಯ ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಓಡಿ.