ನ್ಯಾಯವಾದಿ ಜಾನ್ ಆಡಮ್ಸ್

ಜಾನ್ ಆಡಮ್ಸನು 1735ನೆಯ ಇಸವಿಯಲ್ಲಿ ಅಮೇರಿಕಾ ಖಂಡದ ಮ್ಯಾಸಚೂಸೆಟ್ಸ್ ಪ್ರಾಂತ್ಯದಲ್ಲಿ ರೈತನೊಬ್ಬನ ಮಗನಾಗಿ ಜನಿಸಿದನು. ಹಾರ್ವರ್ಡ್ ಕಾಲೇಜಿನಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿ, ಕೆಲಕಾಲ ಉಪಾಧ್ಯಾಯನಾಗಿದ್ದು, ಅನಂತರ ವಕೀಲಿವೃತ್ತಿಯನ್ನು ಕೈಕೊಂಡನು.

ಆಗ ಆ ಸೀಮೆಯು ಇಂಗ್ಲಿಷರ ಆಳಿಕೆಗೊಳಪಟ್ಟಿತ್ತು. 1770ನೆಯ ಮಾರ್ಚಿ 5ರ ರಾತ್ರಿ ಬಾಸ್ಟನ್ ಪಟ್ಟಣದಲ್ಲಿ ಇಂಗ್ಲಿಷ್ ಸಿಪಾಯಿಗಳು ಗುಂಪಿನ ಮೇಲೆ ಗುಂಡು ಹಾರಿಸಲು, ಐವರು ಮಡಿದರು. ಊರೆಲ್ಲ ಕೋಪದಿಂದ ಕುದಿಯಿತು. ಸೆರೆಯಲ್ಲಿದ್ದ ಕ್ಯಾಪ್ಟನ್ ಪ್ರೆಸ್ಟನ್ನನ ಮತ್ತು ಎಂಟು ಸಿಪಾಯಿಗಳ ಪರವಾಗಿ ನಿಲ್ಲಲು ವಕೀಲರು ಹಿಂಜರಿದರು. ಆಡಮ್ಸನೂ ಇಂಗ್ಲಿಷರ ನೀತಿಗೆ ವಿರೋಧಿಯೇ. ಮನೆಯಲ್ಲಿ ಗರ್ಭಿಣಿಯಾದ ಮಡದಿ ಅಬಿಗೇಲಳೂ ಎಳೆಯ ಮಕ್ಕಳೂ ಇದ್ದರು. ಆದರೂ ಪ್ರಾಣಾಪಾಯದಲ್ಲಿರುವವನಿಗೆ ವಕೀಲನ ನೆರವು ತಪ್ಪಬಾರದೆಂದು ಆತನು ಒಪ್ಪಿಕೊಂಡನು.

ಜನರ ಕೋಪವನ್ನು ಬದಿಗಿರಿಸಿ ಸಾಕ್ಷ್ಯವನ್ನೇ ತೂಗಬೇಕೆಂದು ಆತನು ಜೂರಿಯವರನ್ನು ಬೇಡಿದನು. ಗುಂಪಿನವರು ದೊಣ್ಣೆಗಳಿಂದಲೂ ಮಂಜಿನ ಗಡ್ಡೆಗಳಿಂದಲೂ ಸಿಪಾಯಿಗಳನ್ನು ಮುತ್ತಿದ್ದರೆಂದು ತೋರಿಸಿಕೊಟ್ಟನು. ಕ್ಯಾಪ್ಟನನೂ ಆರು ಸಿಪಾಯಿಗಳೂ ಬಿಡುಗಡೆ ಹೊಂದಿದರು. ಇಬ್ಬರ ಮೇಲೆ ಮಾತ್ರ ಕೊಲೆಗಿಂತ ಕಡಮೆಯಾದ ನರಹತ್ಯೆಯ ತಪ್ಪು ಸ್ಥಿರಪಟ್ಟು, ಹೆಬ್ಬೆರಳಿಗೆ ಬರೆಯೆಳೆಯಲಾಯಿತು. ಆಡಮ್ಸನಿಗೆ ನಿಂದೆಯೇ ಬಹುಮಾನವಾಯಿತು. ಮೂರು ವರ್ಷಗಳ ತರುವಾಯ ದಿನಚರಿಯಲ್ಲಿ ಆ ಕಾರ್ಯವನ್ನು ತಾನು ದೇಶಕ್ಕೆ ಸಲ್ಲಿಸಿದ ಉತ್ತಮ ಸೇವೆಗಳಲ್ಲೊಂದೆಂದು ಆತನು ಎಣಿಸಿದನು.

1780ರಲ್ಲಿ ಜಾರಿಗೆ ಬಂದ, ಆತನೇ ಮುಖ್ಯವಾಗಿ ರಚಿಸಿದ ಮ್ಯಾಸಚೂಸೆಟ್ಸಿನ ರಾಜ್ಯಾಂಗದಲ್ಲಿ, ಆಪಾದಿತನು ತನ್ನ ಮೇಲಣ ಆರೋಪವನ್ನು ತಿಳಿಯುವ, ವಕೀಲನ ಮೂಲಕ ವಾದಿಸುವ, ತನಗೆ ತಾನೇ ವಿರುದ್ಧವಾಗಿ ಸಾಕ್ಷಿ ನುಡಿಯದಿರುವ ಹಕ್ಕುಗಳು ಸೇರಿದವು. 1797ರಲ್ಲಿ ಅಮೇರಿಕಾ ಸಂಯುಕ್ತ ಸಂಸ್ಥಾನಗಳ ಎರಡನೆಯ ಅಧ್ಯಕ್ಷನಾದ ಆತನು 1826ನೆಯ ಜುಲೈ 4ರಂದು ಕಾಲವಾದನು.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮ ಮನೆಯಲ್ಲಿ ಮಗುವಿನ ಮೇಲಾಗಲಿ ಆಳಿನ ಮೇಲಾಗಲಿ ದೂರು ಬಂದಾಗ, ತೀರ್ಪಿಗೆ ಮೊದಲು ಅವರ ಮಾತನ್ನೂ ಕೇಳಿರಿ.